ಒಂದೇ ಸಾಲಿನ ಕಾರಣ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ‘ಮೊಬೈಲ್ ಕಸಿದಿದ್ದಕ್ಕೆ ಮನನೊಂದು ಬಾಲಕ ಆತ್ಮಹತ್ಯೆಗೆ ಶರಣು’. ಐದು ವಾಕ್ಯದ ವರದಿ. ಹುಡುಗನಿಗೆ 14 ವರ್ಷ. ಪಕ್ಕದಲ್ಲಿ ಸಮವಸ್ತ್ರ ಹಾಕಿಕೊಂಡಿರುವ ಅವನ ಫೋಟೊ. ಹೇಗೆ ಸತ್ತ ಎಂಬುದಕ್ಕೆ ಎರಡು ವಾಕ್ಯ ಮೀಸಲಾಗಿತ್ತು. ಅವನು ಎಂಥ ಹುಡುಗ, ಯಾರ ಜೊತೆ ಆಡುತ್ತಿದ್ದ, ಒಂದು ಪದವೂ ಇರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. 26 ವರ್ಷವಾಯಿತು. ಏನು ಓದಿದರೂ ಕೂಡಿ ಕಳೆಯುವ ಚಟ. ಈಗ 14 ಅಂದರೆ, 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಅವನು ಮೂರನೇ ತರಗತಿಯ ಆಸುಪಾಸಿನಲ್ಲಿ ಇದ್ದಿರಬೇಕು. ಮಗ್ಗಿ ಬಾಯಿಪಾಠ ಮಾಡುವ ವಯಸ್ಸು. ಗೆಳೆಯನ ಜೊತೆ ಟೂ ಬಿಟ್ಟು ಮರುದಿನ ತಾನೇ ಹೋಗಿ ಮಾತಾಡಿಸುವ ವಯಸ್ಸು. ಆ ಕಲಿಕೆಗೆ ಬೇಕಾದ ಹೆಚ್ಚುಕಡಿಮೆ ಎರಡು ವರ್ಷ ಅವನು ಮನೆಯೊಳಗಿದ್ದ. ಇನ್ನು, ಅಷ್ಟು ಚಿಕ್ಕ ಕೈಗೆ ಮೊಬೈಲ್ ಬಂದಿದ್ದು ಹೇಗೆ? ‘ಕ್ಲಾಸ್ ಇದೆ, ಮಗುವಿಗೆ ಫೋನ್ ಕೊಡಿ’ ಎಂದು ಮನೆಮನೆಗೆ ಹೇಳಿದ್ದು ನಾವೇ, ಶಾಲೆಯವರು.

ಇದೇ ಅವನ ಸಾವಿಗೆ ಕಾರಣ ಎಂದು ನಾನು ಹೇಳುತ್ತಿಲ್ಲ. ನನಗೆ ಅವನು ಗೊತ್ತಿಲ್ಲ. ನಿಮ್ಮ ವರದಿಗಾರರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಆದರೂ ಅವರು ಒಂದೇ ಸಾಲಿನಲ್ಲಿ ಕಾರಣ ಬರೆದು ಮುಗಿಸಿದರು. ನನ್ನ ತಕರಾರು ಅದೇ.

ಅಂಥ ಸಾಲು ಎಷ್ಟು ಸುಳ್ಳಾಗಬಹುದು ಅಂತ ನನಗೆ ಗೊತ್ತು. ನನ್ನ ವಿದ್ಯಾರ್ಥಿನಿಯೊಬ್ಬಳ ಬಗ್ಗೆ ಅದು ಅಚ್ಚಾಗುವುದು ಸ್ವಲ್ಪದರಲ್ಲಿ ತಪ್ಪಿತು. ‘ಅಸೈನ್‌ಮೆಂಟ್ ಒತ್ತಡಕ್ಕೆ ಮನನೊಂದು’ ಎಂದು ಬರೆಯುತ್ತಿದ್ದಿರಿ. ಆ ಅಸೈನ್‌ಮೆಂಟ್ ಕೊಟ್ಟವಳು ನಾನು. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಕರಡನ್ನು ಅವಳಿಗೆ ತೋರಿಸಿದಾಗ ಎರಡು ಕಡೆ ಗೀಟು ಹಾಕಿ ಕೊಟ್ಟಳು. ‘ಮುಗ್ಧ ಬಾಲಕಿ ಅಂತೆಲ್ಲ ಬರೀಬೇಡಿ ಮಿಸ್, ನಾನೇನು ಅಷ್ಟು ಮುಗ್ಧ ಇರ್ಲಿಲ್ಲ’ ಎಂದಳು.

2021. ಅವಳು ಒಂಬತ್ತನೇ ತರಗತಿ. ನನ್ನ ಲ್ಯಾಪ್‌ಟಾಪ್ ತುಂಬ ಕಪ್ಪು ಚೌಕಗಳು, ಪ್ರತಿ ಚೌಕದಲ್ಲಿ ಒಂದು ಹೆಸರು. ಒಟ್ಟು 42. ಕ್ಯಾಮೆರಾ ಹಾಕಿ ಎಂದು ಮೊದಲ ಎರಡು ವಾರ ಹೇಳಿದೆ, ಆಮೇಲೆ ಬಿಟ್ಟೆ. ಎಷ್ಟೋ ಮಕ್ಕಳಿಗೆ ತಮ್ಮ ಹಿಂದಿನ ಗೋಡೆ ತೋರಿಸಲು ನಾಚಿಕೆ ಎಂದು ಆಗ ನನಗೆ ಹೊಳೆದಿರಲಿಲ್ಲ. ಹಾಜರಿ ಕರೆದರೆ ಚಾಟ್‌ನಲ್ಲಿ ‘ಪ್ರೆಸೆಂಟ್ ಮಿಸ್’ ಎಂದು ಸಾಲಾಗಿ ಬೀಳುತ್ತಿತ್ತು. ನಾನು ಟಿಕ್ ಹಾಕಿಕೊಳ್ಳುತ್ತಿದ್ದೆ. ಪಾಠ ನಡೆಯುತ್ತಿದೆ ಎಂಬ ಸಮಾಧಾನ.

ತರಗತಿಯಲ್ಲಾದರೆ ಹೀಗಿರುವುದಿಲ್ಲ. ಬೆಂಚುಗಳ ನಡುವೆ ಒಂದು ಸುತ್ತು ಬಂದರೆ ಅರ್ಧ ವಿಷಯ ಗೊತ್ತಾಗುತ್ತದೆ. ಯಾರು ಜಾಗ ಬದಲಿಸಿದ್ದಾರೆ. ಯಾರು ಕಾಗದ ಹರಿಯುವಷ್ಟು ಜೋರಾಗಿ ರಬ್ಬರ್ ಉಜ್ಜುತ್ತಿದ್ದಾರೆ. ಯಾರು ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ತೆಗೆಯುತ್ತಿಲ್ಲ. ಇದನ್ನೆಲ್ಲ ನಮಗೆ ಯಾರೂ ಬಿ.ಎಡ್‌ನಲ್ಲಿ ಕಲಿಸಿಲ್ಲ. ಕಣ್ಣಿಗೆ ತಾನಾಗಿ ಅಭ್ಯಾಸವಾಗುತ್ತದೆ. ಮನೆಯಲ್ಲಿ ಹೊಡೆತ ತಿನ್ನುವ ಮಗುವನ್ನು ಮೊದಲು ಗುರುತಿಸುವವರು ಬಹಳ ಸಲ ಶಾಲೆಯವರೇ. ಶಾಲೆ ಮುಚ್ಚಿದ ತಿಂಗಳುಗಳಲ್ಲಿ ಅಮೆರಿಕದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳು ಇಳಿದವು. ದೌರ್ಜನ್ಯ ಕಡಿಮೆಯಾಯಿತು ಅಂತ ಅಲ್ಲ, ನೋಡುವ ಕಣ್ಣು ಇರಲಿಲ್ಲ ಅಂತ ಅಲ್ಲಿನ ತಜ್ಞರು ಆಗಲೇ ಎಚ್ಚರಿಸಿದ್ದರು.

ಈ ಹುಡುಗಿಯನ್ನು ನಾನು ಹದಿನೈದು ದಿನ ಗೈರುಹಾಜರಿ ಹಾಕಿದ್ದೆ. ಆಮೇಲೆ ಗೊತ್ತಾಯಿತು, ಅವಳು ಬರುತ್ತಿದ್ದಳು. ಮೂರು ಮಕ್ಕಳಿಗೆ ಇದ್ದದ್ದು ಒಂದೇ ಫೋನ್, ಅದು ಅಪ್ಪನದು, ಚೌಕದಲ್ಲಿ ಬರುತ್ತಿದ್ದದ್ದು ಅಪ್ಪನ ಹೆಸರು. ಯಾರೋ ಪೋಷಕರು ಪಾಠ ಕೇಳುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಿದ್ದೆ. ‘ನಾನು ಇದ್ದೀನಿ ಮಿಸ್’ ಎಂದು ಹೇಳಲು ಅವಳಿಗೆ ಮುಜುಗರ.

ಒಂದು ರಾತ್ರಿ 11.40ಕ್ಕೆ ಅವಳಿಂದ ಮೆಸೇಜ್ ಬಂತು. ನಾನು ನೋಡಿದ್ದು ಬೆಳಿಗ್ಗೆ. ‘ಇನ್ಮೇಲೆ ಅಸೈನ್‌ಮೆಂಟ್ ಕಳಿಸಲ್ಲ ಮಿಸ್. ಸಾರಿ. ಎಲ್ಲದಕ್ಕೂ ಥ್ಯಾಂಕ್ಯೂ.’ ನಾನು ಏನು ಉತ್ತರ ಬರೆದೆ ಗೊತ್ತೇ? ‘ಶುಕ್ರವಾರ ಕೊನೆಯ ದಿನ. ಕಡ್ಡಾಯ.’ ಆ ಮೆಸೇಜ್ ನನ್ನ ಫೋನ್‌ನಲ್ಲಿ ಇನ್ನೂ ಇದೆ. ಅಳಿಸಿಲ್ಲ.

ಮಧ್ಯಾಹ್ನ ಪಾತ್ರೆ ತೊಳೆಯುವಾಗ ಆ ‘ಥ್ಯಾಂಕ್ಯೂ’ ಚುಚ್ಚಲು ಶುರುವಾಯಿತು. ಹೋಮ್‌ವರ್ಕ್ ತಪ್ಪಿಸುವ ಮಗು ನೆಪ ಹೇಳುತ್ತದೆ, ಥ್ಯಾಂಕ್ಸ್ ಹೇಳುವುದಿಲ್ಲ. ಒದ್ದೆ ಕೈಯಲ್ಲೇ ಫೋನ್ ಮಾಡಿದೆ. ಮೊದಲು ಏನೇನೋ ಸುತ್ತು ಬಳಸಿ ಮಾತಾಡಿದೆ. ಹುಷಾರಿದ್ದೀಯಾ, ನೆಟ್‌ವರ್ಕ್ ಸರಿ ಇಲ್ವಾ, ಲೆಕ್ಕ ಕಷ್ಟವಾಯ್ತಾ. ಎಲ್ಲದಕ್ಕೂ ‘ಇಲ್ಲ ಮಿಸ್’. ಕೊನೆಗೆ ಕೇಳಿಬಿಟ್ಟೆ. ‘ಪುಟ್ಟಾ, ಸಾಯಬೇಕು ಅಂತ ಏನಾದರೂ ಅನ್ನಿಸ್ತಿದೆಯಾ?’

ಬಾಯಿಂದ ಮಾತು ಬಿದ್ದ ಕೂಡಲೇ ನನಗೇ ಭಯವಾಯಿತು. ಇಲ್ಲದ ಯೋಚನೆ ನಾನೇ ತಲೆಗೆ ಹಾಕಿದೆನೇನೋ ಅಂತ. ಆ ಕಡೆ ತುಂಬ ಹೊತ್ತು ಮೌನ. ಆಮೇಲೆ ಅಳು. ಆಮೇಲೆ ‘ಹೂಂ ಮಿಸ್’.

‘ಯಾರಿಗೂ ಹೇಳ್ಬೇಡಿ’ ಎಂದು ಬೇಡಿಕೊಂಡಳು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅಮ್ಮನಿಗೆ ಇಬ್ಬರೂ ಸೇರಿ ಹೇಳೋಣ, ನಾನು ಫೋನ್ ಇಡುವುದಿಲ್ಲ ಎಂದೆ. ಅವಳ ಅಮ್ಮ ಮೊದಲು ಹೇಳಿದ ಮಾತು, ‘ಏನು ಕಡಿಮೆ ಮಾಡಿದ್ದೀವಿ ಟೀಚರ್ ಇವಳಿಗೆ?’ ಸಿಟ್ಟಿನಲ್ಲಿ ಹೇಳಿದರು ಅಂತ ಆಗ ಅನ್ನಿಸಿತು. ಅದು ಸಿಟ್ಟಲ್ಲ, ಗಾಬರಿ. ಹತ್ತು ನಿಮಿಷದ ಮೇಲೆ ಆ ತಾಯಿ ಮಗಳ ಪಕ್ಕ ಕೂತು ತಲೆ ಸವರುತ್ತಿದ್ದರು ಎಂದು ಆಮೇಲೆ ಅವಳೇ ಹೇಳಿದಳು. ಎರಡೇ ದಿನದಲ್ಲಿ ಮನೋವೈದ್ಯರ ಬಳಿ ಹೋದರು. ಅವರು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ. ಮಗು ಬೆಳಗಿನ ಜಾವ ನಾಲ್ಕರವರೆಗೂ ಎಚ್ಚರ ಇರುತ್ತಿದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪಾಯ ಆಗಬಹುದಾದ ಯಾವ ವಸ್ತುವೂ ಕೈಗೆ ಸಿಗದ ಹಾಗೆ ಎತ್ತಿಡಿ, ಸ್ವಲ್ಪ ದಿನ ಒಬ್ಬಳನ್ನೇ ಬಿಡಬೇಡಿ ಎಂದರು. ಸಾಯಬೇಕೆನ್ನುವ ತೀವ್ರವಾದ ಗಳಿಗೆ ಬಹಳ ಸಲ ಹೆಚ್ಚು ಹೊತ್ತು ಇರುವುದಿಲ್ಲ, ಆ ಗಳಿಗೆ ದಾಟಿಸುವುದೇ ಮೊದಲ ಕೆಲಸ ಎಂದು ಅವರು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಔಷಧಿ, ಕೌನ್ಸೆಲರ್ ಜೊತೆ ಮಾತು, ಹೀಗೆ ಕೆಲವು ತಿಂಗಳು ನಡೆಯಿತು. ಈಗ ಅವಳು ಪದವಿ ಓದುತ್ತಿದ್ದಾಳೆ. ಗಣಿತ ತೆಗೆದುಕೊಳ್ಳಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಬೇಜಾರಿದೆ, ಇರಲಿ.

ಕಾರಣ ಏನಾಗಿತ್ತು ಅಂತ ಎಷ್ಟೋ ದಿನದ ಮೇಲೆ ಕೇಳಿದೆ. ಅವಳು ಬೆರಳು ಮಡಚುತ್ತಾ ಹೋದಳು. ಸಾಕಿ ಬೆಳೆಸಿದ ಅಜ್ಜಿ ಕೋವಿಡ್‌ನಲ್ಲಿ ಹೋದರು, ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ. ಅಪ್ಪನ ಕೆಲಸ ನಿಂತು ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಜೀವದ ಗೆಳತಿ ಬೇರೆ ಗುಂಪು ಕಟ್ಟಿಕೊಂಡು ಇವಳನ್ನು ಬಿಟ್ಟಳು. ಫೋನ್ ತನ್ನ ಕೈಯಲ್ಲಿದ್ದರೆ ತಮ್ಮನ ಪಾಠ ತಪ್ಪುತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಹಗಲು ಎಚ್ಚರ ಇಲ್ಲ. ಇಷ್ಟೆಲ್ಲ ಆದ ಮೇಲೆ ‘ನಾನಿಲ್ಲದಿದ್ರೆ ಇವರಿಗೆ ಒಂದು ಭಾರ ಕಡಿಮೆ’ ಎಂದು ಒಂದು ಯೋಚನೆ ಬಂದು ಕೂತಿತಂತೆ. ಅಸೈನ್‌ಮೆಂಟ್ ಎಷ್ಟನೇ ಬೆರಳು ಅಂತ ಕೇಳಿದೆ. ‘ಅದು ಲೆಕ್ಕಕ್ಕೇ ಇಲ್ಲ ಮಿಸ್, ಸುಮ್ನೆ ನಿಮಗೆ ಹೇಳೋಕೆ ಏನೋ ಒಂದು ಬೇಕಿತ್ತು’ ಎಂದಳು.

ಹೇಳೋಕೆ ಏನೋ ಒಂದು. ನಿಮ್ಮ ಶೀರ್ಷಿಕೆಯಲ್ಲಿರುವ ಮೊಬೈಲ್ ಕೂಡ ಅಂಥದ್ದೇ ಇರಬಹುದು, ಅಲ್ವಾ?

ಇದು ಒಂದು ಮನೆಯ ಕಥೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆದದ್ದು 2020ರ ಮಾರ್ಚ್ 11ರಂದು. ಕೆಲವೇ ವಾರಗಳಲ್ಲಿ 190ರಷ್ಟು ದೇಶಗಳಲ್ಲಿ 160 ಕೋಟಿ ಮಕ್ಕಳು ಶಾಲೆಯಿಂದ ಹೊರಗುಳಿದರು. ಮರುವರ್ಷ ಕೆನಡಾದ ಸಂಶೋಧಕರು ಬೇರೆ ಬೇರೆ ದೇಶಗಳ 29 ಅಧ್ಯಯನಗಳನ್ನು ಒಟ್ಟು ಹಾಕಿದರು. 80 ಸಾವಿರ ಮಕ್ಕಳ ಮಾಹಿತಿ. ನಾಲ್ಕರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಅತಿಯಾದ ಆತಂಕ. ಪಿಡುಗಿನ ಮೊದಲಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಲಕ್ಷಣ ಇದ್ದವರೆಲ್ಲ ರೋಗಿಗಳಲ್ಲ, ಅದನ್ನು ಬೆರೆಸಬಾರದು. ಆದರೆ ನನ್ನ 42 ಚೌಕಗಳಿಗೆ ಈ ಲೆಕ್ಕ ಹಾಕಿದರೆ ಹತ್ತು ಮಕ್ಕಳು. ನನಗೆ ಗೊತ್ತಾಗಿದ್ದು ಒಬ್ಬಳು.

ಆತ್ಮಹತ್ಯೆಯ ಲೆಕ್ಕ ಮಾತ್ರ ಇಷ್ಟು ನೇರ ಇಲ್ಲ. ಪಿಡುಗು ಬಂತು, ಸಾವು ಏರಿತು ಎಂದು ಬರೆದರೆ ತಪ್ಪಾಗುತ್ತದೆ. ಮೊದಲ ತಿಂಗಳುಗಳಲ್ಲಿ ಅನೇಕ ದೇಶಗಳಲ್ಲಿ ಆತ್ಮಹತ್ಯೆ ಹೆಚ್ಚಲಿಲ್ಲ, ಕೆಲವು ಕಡೆ ಇಳಿಯಿತು. ಜಪಾನ್ ನೋಡಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದರು. ಆಗ ಮಕ್ಕಳ ಆತ್ಮಹತ್ಯೆ ಏರಲಿಲ್ಲ. ಶಾಲೆ ತೆರೆದ ಮೇಲೆ, ಜುಲೈಯಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 49ರಷ್ಟು ಏರಿತು. ಆ ವರ್ಷ ಶಾಲಾ ಮಕ್ಕಳ ಸಾವು 499. ಎರಡು ವರ್ಷದ ನಂತರ, 2022ರಲ್ಲಿ, 514. ಅಮೆರಿಕದಲ್ಲಿ 2021ರ ಫೆಬ್ರುವರಿ–ಮಾರ್ಚ್‌ನ ನಾಲ್ಕು ವಾರಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿದ ಶಂಕೆಯ ಮೇಲೆ ತುರ್ತು ಚಿಕಿತ್ಸೆಗೆ ಬಂದ 12ರಿಂದ 17 ವರ್ಷದ ಹುಡುಗಿಯರು 2019ರ ಅದೇ ವಾರಗಳಿಗಿಂತ ಶೇ 50.6ರಷ್ಟು ಜಾಸ್ತಿ. ಹುಡುಗರಲ್ಲಿ ಶೇ 3.7 ಮಾತ್ರ. ಅಲ್ಲಿನ ಮಕ್ಕಳ ವೈದ್ಯರ ಸಂಘಟನೆಗಳು ಆ ಅಕ್ಟೋಬರ್‌ನಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ಸ್ಥಿತಿಯನ್ನು ರಾಷ್ಟ್ರೀಯ ತುರ್ತುಸ್ಥಿತಿ ಎಂದು ಘೋಷಿಸಿದವು.

ಏಕೆ ತಡವಾಗಿ? ಮನೋವಿಜ್ಞಾನ ನನ್ನ ವಿಷಯವಲ್ಲ. ತರಗತಿಯಲ್ಲಿ ಕಂಡಿದ್ದನ್ನು ಹೇಳಬಲ್ಲೆ. ಎಲ್ಲರೂ ಬಾಗಿಲು ಹಾಕಿಕೊಂಡಿದ್ದಾಗ ಮಗುವಿಗೆ ‘ನಾನೊಬ್ಬನೇ ಹಿಂದೆ ಬಿದ್ದೆ’ ಎನ್ನಿಸುವುದಿಲ್ಲ. ಎಲ್ಲರೂ ನಿಂತಿದ್ದಾರಲ್ಲ. ಬಾಗಿಲು ತೆರೆದ ದಿನ ಅಳತೆ ಶುರು. ಯಾರ ಅಪ್ಪ ಇಲ್ಲ, ಯಾರಿಗೆ ಪಾಠ ಬರಲ್ಲ, ಯಾರು ಗೆಳೆಯರ ಗುಂಪಿನಲ್ಲಿ ಇಲ್ಲ. ಶಾಲೆ ತೆರೆದ ಮೊದಲ ವಾರ ನಾನು ಏನು ಮಾಡಿದೆ? ಟೆಸ್ಟ್ ಇಟ್ಟೆ. ಕಲಿಕೆಯ ಮಟ್ಟ ನೋಡಬೇಕು ಅಂತ ಮೇಲಿನವರು ಹೇಳಿದ್ದರು, ನನಗೂ ಸರಿ ಎನ್ನಿಸಿತ್ತು. ಅಷ್ಟು ಕಾಲ ಮುಖ ನೋಡದ ಮಕ್ಕಳಿಗೆ ಮೊದಲು ಕೊಟ್ಟಿದ್ದು ಪ್ರಶ್ನೆಪತ್ರಿಕೆ. ಎಂಟನೇ ತರಗತಿಗೆ ಸೇರಿದ ಒಬ್ಬಳು ಎಲ್ಲರೂ ಮಾಸ್ಕ್ ಬಿಟ್ಟು ಒಂದು ವರ್ಷವಾದರೂ ತೆಗೆಯಲಿಲ್ಲ. ಕೇಳಿದರೆ, ‘ಇಲ್ಲಿ ಯಾರೂ ನನ್ನ ಮುಖ ನೋಡಿಲ್ಲ ಮಿಸ್, ಈಗ ತೆಗೆದ್ರೆ ನಗ್ತಾರೆ’. ನಾವು ಅದನ್ನು ಶಿಸ್ತು ಅಂದುಕೊಂಡಿದ್ದೆವು.

ಒಂದು ಮಾತು ಇಲ್ಲಿ ಹೇಳಲೇಬೇಕು. ಎಲ್ಲ ಮಕ್ಕಳಿಗೂ ಮನೆ ಜೈಲಾಗಿರಲಿಲ್ಲ. ತೊದಲುವ ಒಬ್ಬ ಹುಡುಗನಿದ್ದ. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಹಿಂದಿನ ಬೆಂಚಿನಿಂದ ನಗು. ಆನ್‌ಲೈನ್‌ನಲ್ಲಿ ಅವನು ಚಾಟ್‌ನಲ್ಲಿ ಉತ್ತರ ಬರೆಯುತ್ತಿದ್ದ, ಎಲ್ಲರಿಗಿಂತ ಮೊದಲು. ಅಂಥವನಿಗೆ ಶಾಲೆ ತೆರೆದದ್ದೇ ಕಷ್ಟ. ಬೇಸಿಗೆ ರಜೆ ಮುಗಿಯುವ ಸೆಪ್ಟೆಂಬರ್ 1ರ ಹೊತ್ತಿಗೆ ಮಕ್ಕಳ ಆತ್ಮಹತ್ಯೆ ಹೆಚ್ಚು ಎಂದು ಜಪಾನ್ ಕೋವಿಡ್‌ಗೆ ಮೊದಲೇ ಲೆಕ್ಕ ಹಾಕಿ ತಿಳಿದಿತ್ತು. ಹೀಗಾಗಿ ‘ಶಾಲೆ ಮುಚ್ಚಿದ್ದೇ ತಪ್ಪು’ ಎಂದು ಇನ್ನೊಂದು ಒಂದೇ ಸಾಲಿನ ಕಾರಣ ಬರೆಯಲು ನಾನು ತಯಾರಿಲ್ಲ.

ಹಾಗೇ ದುಃಖದ ಲೆಕ್ಕವೂ ಇದೆ. 2021ರ ಏಪ್ರಿಲ್ ಹೊತ್ತಿಗೇ ಜಗತ್ತಿನಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆಯನ್ನೋ ತಾಯಿಯನ್ನೋ ಜೊತೆಗಿದ್ದ ಅಜ್ಜ ಅಜ್ಜಿಯನ್ನೋ ಕಳೆದುಕೊಂಡಿದ್ದರು ಎಂಬ ಅಂದಾಜಿದೆ. ಆಮೇಲೂ ಸಾವು ನಿಲ್ಲಲಿಲ್ಲ. ಆ ಮಕ್ಕಳು ಈಗ ಎಲ್ಲಿ ಹೋದರು? ನಮ್ಮ ತರಗತಿಗಳಲ್ಲೇ ಇದ್ದಾರೆ. ಆಗ ಐದು ವರ್ಷದವರು ಈಗ ಹತ್ತು ದಾಟಿದ್ದಾರೆ. ‘ಕೋವಿಡ್ ಮುಗಿದು ಎಷ್ಟು ಕಾಲವಾಯ್ತು, ಇನ್ನೂ ಅದನ್ನೇ ಹಿಡಿದುಕೊಂಡಿದ್ದಾರೆ’ ಎಂದು ಸ್ಟಾಫ್‌ರೂಮಿನಲ್ಲಿ ಹೇಳುವವರಿದ್ದಾರೆ. ಅಪ್ಪ ಮಾತ್ರ ವಾಪಸ್ ಬಂದಿಲ್ಲವಲ್ಲ.

ಇನ್ನು ನಾನು ಹೆದರಿದ ಆ ಪ್ರಶ್ನೆಯ ವಿಷಯ. ಕೇಳಿದರೆ ಯೋಚನೆ ತಲೆಗೆ ಹಾಕಿದ ಹಾಗೆ ಎಂದು ಬಹಳ ಜನ ಶಿಕ್ಷಕರು, ಪೋಷಕರು ನಂಬಿದ್ದಾರೆ. ನಾನೂ ನಂಬಿದ್ದೆ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳಲ್ಲಿ 2,300ಕ್ಕೂ ಹೆಚ್ಚು ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಈ ಪ್ರಶ್ನೆ ಕೇಳಿ, ಉಳಿದವರಿಗೆ ಕೇಳದೆ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಅಧ್ಯಯನ. ಕೇಳಿದ್ದರಿಂದ ಸಂಕಟವಾಗಲಿ ಸಾಯುವ ಯೋಚನೆಯಾಗಲಿ ಹೆಚ್ಚಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗೆ ಕೇಳಿದ್ದರಿಂದ ಮನಸ್ಸು ಸ್ವಲ್ಪ ಹಗುರವೇ ಆಗಿತ್ತು. ಇದು ನನಗೆ ಆ ಮಧ್ಯಾಹ್ನವೇ ಗೊತ್ತಿದ್ದರೆ ಅಷ್ಟು ಸುತ್ತಿ ಬಳಸುತ್ತಿರಲಿಲ್ಲ.

ಪತ್ರಿಕೆಯ ಮಾತಿಗೆ ಬರುತ್ತೇನೆ. ಬರೆಯುವ ರೀತಿ ಬದಲಾದರೆ ಜೀವ ಉಳಿಯುತ್ತದೆ ಎನ್ನುವುದು ಬರೀ ಆಸೆಯ ಮಾತಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಸುರಂಗ ರೈಲು ನಿಲ್ದಾಣಗಳ ಆತ್ಮಹತ್ಯೆಗಳನ್ನು ಪತ್ರಿಕೆಗಳು ದೊಡ್ಡದಾಗಿ ಬರೆಯುತ್ತಿದ್ದವು. 1987ರ ಮಧ್ಯದಲ್ಲಿ ತಜ್ಞರು ಸೂಚನೆಗಳನ್ನು ಕೊಟ್ಟರು, ಪತ್ರಿಕೆಗಳು ಒಪ್ಪಿದವು. ಅದೇ ವರ್ಷದ ಕೊನೆಯ ಆರು ತಿಂಗಳಲ್ಲಿ ಅಲ್ಲಿನ ಪ್ರಕರಣಗಳು ಶೇ 80ರಷ್ಟು ಇಳಿದವು. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗಾಗಿಯೇ ಮಾಡಿರುವ ಸೂಚನೆಗಳು ನಿಮ್ಮ ಕಚೇರಿಯಲ್ಲೂ ಎಲ್ಲೋ ಇರುತ್ತವೆ. ವಿಧಾನ ವಿವರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಬೇಡಿ, ಸಹಾಯ ಎಲ್ಲಿ ಸಿಗುತ್ತದೆ ಎಂದು ಬರೆಯಿರಿ. ನಿಮ್ಮ ಐದು ವಾಕ್ಯದಲ್ಲಿ ಈ ಮೂರೂ ತಪ್ಪಿತ್ತು. ಸಹಾಯವಾಣಿಯ ಸಂಖ್ಯೆಗೆ ಜಾಗ ಇರಲಿಲ್ಲ ಎನ್ನಬೇಡಿ. ಟೆಲಿ ಮಾನಸ್, 14416. ಎರಡು ಪದ, ಒಂದು ಸಂಖ್ಯೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆ ‘ಶರಣು’ ಎಂಬ ಪದವನ್ನಂತೂ ದಯವಿಟ್ಟು ಬಿಡಿ. ನಮ್ಮ ಭಾಷೆಯಲ್ಲಿ ಶರಣು ಹೋಗುವುದು ಕಾಯುವವರ ಬಳಿಗೆ. ಕಷ್ಟದಲ್ಲಿರುವ ಹದಿನಾಲ್ಕರ ಹುಡುಗ ಅದನ್ನು ಓದಿದರೆ ಅಲ್ಲೇನೋ ಆಸರೆ ಇದೆ ಎಂದು ಕೇಳಿಸುತ್ತದೆ. ‘ಮನನೊಂದು’ ಎಂಬುದೂ ಹಾಗೇ. ಮನ ನೊಂದವರೆಲ್ಲ ಹೀಗೆ ಮಾಡುತ್ತಾರೆ ಎಂದು ಹೇಳಿದಂತಾಗುತ್ತದೆ. ನನ್ನ ವಿದ್ಯಾರ್ಥಿನಿಯೂ ನೊಂದಿದ್ದಳು. ಅಜ್ಜಿಯ ವಿಷಯ ಬಂದರೆ ಈಗಲೂ ನೋಯುತ್ತಾಳೆ. ಹೋದ ತಿಂಗಳು ಬಂದು ನನ್ನ ಹತ್ತಿರ ಎರಡು ಗಂಟೆ ಹರಟೆ ಹೊಡೆದು ಹೋದಳು. ಅಂಥವರ ಸುದ್ದಿಯನ್ನೂ ಯಾವಾಗಲಾದರೂ ಹಾಕಿ. ದಾಟಿ ಬಂದವರ ಕಥೆ ಓದಿದರೆ ಇನ್ನೊಬ್ಬರಿಗೆ ದಾಟುವ ಧೈರ್ಯ ಬರುತ್ತದೆ ಎನ್ನುವುದಕ್ಕೂ ಅಧ್ಯಯನಗಳಿವೆ.

ಕೊನೆಯದಾಗಿ ಒಂದು ಕೋರಿಕೆ. ಈ ಲಕೋಟೆಯಲ್ಲಿ ಇನ್ನೊಂದು ಮಡಚಿದ ಹಾಳೆ ಇದೆ. ಅದು ಪ್ರಕಟಣೆಗಲ್ಲ. ಆ ಹುಡುಗನ ತಾಯಿಗೆ ಬರೆದದ್ದು. ಫೋನ್ ಕಿತ್ತುಕೊಂಡವರು ಅವರೇ ಎಂದು ನಿಮ್ಮ ವರದಿಯಲ್ಲಿತ್ತು. ಆ ಸಾಲನ್ನು ಅವರೂ ಓದಿರುತ್ತಾರೆ, ಅವರ ಓಣಿಯವರೂ ಓದಿರುತ್ತಾರೆ. ನನ್ನ ಹಾಳೆಯಲ್ಲಿ ನಾಲ್ಕೇ ಮಾತು ಇದೆ, ಜೊತೆಗೆ ನನ್ನ ಫೋನ್ ನಂಬರ್. ನಿಮ್ಮ ವರದಿಗಾರರಿಗೆ ಆ ಮನೆ ಗೊತ್ತು. ಒಮ್ಮೆ ಹೋಗಿ ಕೊಟ್ಟು ಬರಲು ಹೇಳಿ. ಕ್ಯಾಮೆರಾ ಇಲ್ಲದೆ.

ಇತಿ,
ಒಬ್ಬ ಗಣಿತ ಶಿಕ್ಷಕಿ